ಮೂವತ್ತು ಅನ್ನೋ ನಂಬರು, ಹೊಳೆಯಲ್ಲಿ ಇಲ್ಲದ ನೀರು

ನೀರಿನ ಮಾಲಿನ್ಯ ತಡೆಯೋ ಕಾನೂನಿನ ಬಗ್ಗೆ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಸಂಜೆ ಮಾತಾಡಿದ್ದೆ. ಬಂದವರಲ್ಲಿ ಸುಮಾರು ಜನ ಇದು ಬರಹದಲ್ಲಿ ಬೇಕು ಅಂದ್ರು, ಅದಕ್ಕೆ ಟಿಪ್ಪಣಿ ಮುಂದೆ ಇಟ್ಕೊಂಡು ಮಾತಾಡಿದ ಹಾಗೇ ಬರೀತಿದ್ದೀನಿ. ಅಲ್ಲಿ ಕೇಳಿದ ಕೆಲವು ಪ್ರಶ್ನೆಗಳೂ ಕೊನೇಲಿ ಬರ್ತವೆ.

ಸಿಹಿನೀರಿನ ಲೆಕ್ಕ ನಿಮಗೆಲ್ಲ ಗೊತ್ತಿರೋದೇ, ಬೇಗ ಹೇಳಿ ಮುಂದೆ ಹೋಗ್ತೀನಿ. ಭೂಮಿ ಮೇಲಿರೋ ನೀರಲ್ಲಿ ಸಿಹಿನೀರು ನೂರಕ್ಕೆ ಎರಡೂವರೆ ಪಾಲು, ಅದರಲ್ಲೂ ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ಹಿಮದಲ್ಲಿ ಸಿಕ್ಕಾಕೊಂಡಿದೆ, ಉಳಿದಿದ್ದರಲ್ಲಿ ಬಹುಪಾಲು ನೆಲದೊಳಗಿದೆ, ನದಿ ಕೆರೆ ಅಂತ ಕಣ್ಣಿಗೆ ಕಾಣೋದು ಸಿಹಿನೀರಿನ ಶೇಕಡಾ ಒಂದಕ್ಕೂ ಬಹಳ ಕಮ್ಮಿ. ಭಾರತದಲ್ಲಿ ಪ್ರಪಂಚದ ಜನರಲ್ಲಿ ಹೆಚ್ಚುಕಮ್ಮಿ 18 ಪರ್ಸೆಂಟ್ ಇದ್ದಾರೆ, ಸಿಹಿನೀರು 4 ಪರ್ಸೆಂಟ್. ಇಷ್ಟು ಸಾಕು. ಈ ಸ್ವಲ್ಪ ನೀರನ್ನ ನಾವು ಯಾವ ಅಳತೆಗೋಲು ಹಿಡ್ಕೊಂಡು ಕಾಯ್ತಿದ್ದೀವಿ ಅನ್ನೋದು ನನ್ನ ವಿಷಯ. ಅದರಲ್ಲೂ ಒಂದೇ ಒಂದು ನಂಬರು, 30.

1986ರ ಪರಿಸರ ಸಂರಕ್ಷಣೆ ನಿಯಮಗಳ ಕೊನೆಯಲ್ಲಿ ಅನುಸೂಚಿಗಳಿವೆ, ಅದರಲ್ಲಿ ಆರನೇದು ಕೊಳಚೆ ಮತ್ತೆ ಕಾರ್ಖಾನೆ ನೀರು ಹೊರಗೆ ಬಿಡೋಕೆ ಇರೋ ಸಾಮಾನ್ಯ ಮಾನದಂಡಗಳು. ಹೊಳೆ, ಕೆರೆ, ಹಳ್ಳಕ್ಕೆ ಬಿಡೋದಾದ್ರೆ ಬಿಒಡಿ ಅನ್ನೋ ಕೊಳೆಯ ಅಳತೆ ಲೀಟರಿಗೆ 30 ಮಿಲಿಗ್ರಾಂ ಮೀರಬಾರದು. ಊರಿನ ಒಳಚರಂಡಿಗೆ ಬಿಡೋದಾದ್ರೆ 350, ಹೊಲಕ್ಕೆ ಹಾಯಿಸೋದಾದ್ರೆ 100. ಎಷ್ಟೋ ವರ್ಷದಿಂದ ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ) ಕಟ್ಟೋ ಇಂಜಿನಿಯರ್, ಕನ್ಸೆಂಟ್ (ನೀರು ಹೊರಗೆ ಬಿಡೋಕೆ ಮಂಡಳಿಯ ಅನುಮತಿ) ಕೊಡೋ ಅಧಿಕಾರಿ, ಕೋರ್ಟಲ್ಲಿ ವಾದ ಮಾಡೋ ಲಾಯರ್ ಎಲ್ರೂ ಈ 30ರ ಸುತ್ತಾನೇ ತಿರುಗ್ತಾ ಬಂದಿದ್ದಾರೆ. 29 ಬಂದ್ರೆ ಪಾಸು, 31 ಬಂದ್ರೆ ನೋಟಿಸ್.

ಬಿಒಡಿ ಅಂದ್ರೆ ಏನು ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಈ ಪರೀಕ್ಷೆ ಹೇಗೆ ಮಾಡ್ತಾರೆ ಅಂತ ಒಂದ್ಸಲ ಕಣ್ಣಾರೆ ನೋಡಿದ್ರೆ ಉಳಿದಿದ್ದೆಲ್ಲ ತಾನಾಗೇ ಅರ್ಥ ಆಗುತ್ತೆ. ನೀರಲ್ಲಿರೋ ಕೊಳೆಯೋ ಪದಾರ್ಥಾನ ಬ್ಯಾಕ್ಟೀರಿಯಾ ತಿನ್ನುತ್ತೆ, ತಿನ್ನುವಾಗ ನೀರಲ್ಲಿ ಕರಗಿರೋ ಆಮ್ಲಜನಕ ಬಳಸುತ್ತೆ. ಎಷ್ಟು ಬಳಸ್ತು ಅನ್ನೋದೇ ಬಿಒಡಿ. ಲ್ಯಾಬಲ್ಲಿ 300 ಎಂಎಲ್ ಹಿಡಿಯೋ ಗಾಜಿನ ಬಾಟಲಿ ಇರುತ್ತೆ, ಗಾಜಿನದ್ದೇ ಬಿರಡೆ, ಒಳಗೆ ಒಂದು ಗಾಳಿಗುಳ್ಳೆನೂ ಉಳಿಯದ ಹಾಗೆ ನೀರು ತುಂಬಿಸಬೇಕು. ಕೊಳಚೆ ನೀರಾದ್ರೆ ಹಾಗೇ ತುಂಬೋಕಾಗಲ್ಲ, ಗಾಳಿ ಆಡಿಸಿದ ಶುದ್ಧ ನೀರಲ್ಲಿ ತೆಳು ಮಾಡಿ ತುಂಬಬೇಕು, ಇಲ್ದಿದ್ರೆ ಮೊದಲನೇ ದಿನವೇ ಆಮ್ಲಜನಕ ಖಾಲಿ ಆಗಿ ಲೆಕ್ಕವೇ ಸಿಗಲ್ಲ. ಒಂದು ಬಾಟಲಿಯನ್ನ ಆಗಲೇ ಪರೀಕ್ಷೆ ಮಾಡ್ತಾರೆ, ಜೊತೆದನ್ನ 27 ಡಿಗ್ರಿಯಲ್ಲಿ ಕತ್ತಲಲ್ಲಿ ಮೂರು ದಿನ ಇಟ್ಟು ಆಮೇಲೆ ಮಾಡ್ತಾರೆ, ಎರಡರ ನಡುವಿನ ವ್ಯತ್ಯಾಸವೇ ಬ್ಯಾಕ್ಟೀರಿಯಾ ಬಳಸಿದ್ದು. ಪರೀಕ್ಷೆಗೆ ಮೊದಲು ಮ್ಯಾಂಗನೀಸ್ ಸಲ್ಫೇಟ್ ಹಾಕ್ತಾರೆ, ಆಮೇಲೆ ಕ್ಷಾರ ಸೇರಿದ ಅಯೊಡೈಡ್ ದ್ರಾವಣ. ಬಾಟಲಿ ಅಲ್ಲಾಡಿಸಿದ್ರೆ ಕಂದು ಬಣ್ಣದ ಚೂರುಚೂರು ಮೋಡದ ಥರ ಕೆಳಗೆ ಇಳಿಯುತ್ತೆ. ಆಮೇಲೆ ಆಸಿಡ್ ಹಾಕಿದ್ರೆ ಅದು ಕರಗಿ ನೀರು ಹಳದಿ ಆಗುತ್ತೆ, ಗಂಜಿ ದ್ರಾವಣ ನಾಲ್ಕು ಹನಿ ಹಾಕಿದ್ರೆ ನೀಲಿ, ಮೇಲಿಂದ ಥಯೋಸಲ್ಫೇಟ್ ಹನಿಹನಿಯಾಗಿ ಬಿಡ್ತಾ ಹೋದ್ರೆ ಒಂದು ಹನಿಗೆ ನೀಲಿ ಪಟ್ ಅಂತ ಮಾಯ ಆಗುತ್ತೆ, ಎಷ್ಟು ಎಂಎಲ್ ಬಿಟ್ರಿ ಅನ್ನೋದೇ ಆಮ್ಲಜನಕದ ಲೆಕ್ಕ. ವಿಂಕ್ಲರ್ ಅನ್ನೋರು 1888ರಲ್ಲಿ ಕೊಟ್ಟ ವಿಧಾನ ಇದು, ಇವತ್ತಿಗೂ ಇದೇ ನಡೀತಿದೆ. ಕೆಲವು ನೀರಿಗೆ ಆ ಕಂದು ಬಣ್ಣ ಬರೋದೇ ಇಲ್ಲ. ಎರಡೂ ದ್ರಾವಣ ಹಾಕಿದ ಮೇಲೂ ಬೆಳ್ಳಗೆ ಹಾಲು ಒಡೆದ ಹಾಗೆ ನಿಂತುಬಿಡುತ್ತೆ. ಅಂದ್ರೆ ಆ ನೀರಲ್ಲಿ ಆಮ್ಲಜನಕ ಇಲ್ಲ, ಅಲ್ಲಿ ಮೀನು ಬದುಕೋ ಮಾತೇ ಇಲ್ಲ. ಮೊದಲನೇ ಸಲ ಅದನ್ನ ನೋಡಿದಾಗ ನನಗೆ ಆದ ಸಂಕಟ ಇನ್ನೂ ನೆನಪಿದೆ.

25 ಡಿಗ್ರಿ ಬಿಸಿಯ ಚೊಕ್ಕ ನೀರಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತೆ, ಅಷ್ಟೇ. ಬಿಸಿ ಜಾಸ್ತಿ ಆದಷ್ಟೂ ಕಮ್ಮಿ. ಮೀನಿಗೆ 4 ಆದ್ರೂ ಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣವೇ ಹೇಳುತ್ತೆ. ಈಗ 30 ಅನ್ನೋ ನಂಬರನ್ನ ಇದರ ಪಕ್ಕ ಇಟ್ಟು ನೋಡಿ. ನೀರಲ್ಲಿ ಇರೋ ಆಮ್ಲಜನಕ 8, ಪೈಪಿಂದ ಬರೋ ಕೊಳೆ ಕೇಳ್ತಿರೋದು 30. ಹಾಗಾದ್ರೆ ಈ 30 ಯಾವ ಧೈರ್ಯದ ಮೇಲೆ ಬಂತು?

ಇದಕ್ಕೆ ಇಂಗ್ಲೆಂಡಿಗೆ ಹೋಗಬೇಕು. 1898ರಲ್ಲಿ ಅಲ್ಲಿ ಕೊಳಚೆ ವಿಲೇವಾರಿ ಬಗ್ಗೆ ಒಂದು ರಾಯಲ್ ಕಮಿಷನ್ ಕೂತ್ಕೊಂಡ್ತು, ವರ್ಷಗಟ್ಟಲೆ ನದಿಗಳನ್ನ ಅಳೆದು 1912ರಲ್ಲಿ ತನ್ನ ಎಂಟನೇ ವರದಿ ಕೊಡ್ತು. ಸಂಸ್ಕರಿಸಿದ ಕೊಳಚೆಯ ಬಿಒಡಿ 20, ತೇಲೋ ಕಣಗಳು 30, ಇದನ್ನ ಮೀರಬಾರದು ಅಂತ ಅದರಲ್ಲಿದೆ. ಪ್ರಪಂಚದ ತುಂಬ ಪಾಠಪುಸ್ತಕಗಳಲ್ಲಿ ಈ ಇಪ್ಪತ್ತು-ಮೂವತ್ತರ ಮಾತು ಬರುತ್ತೆ. ಆದ್ರೆ ಅದರ ಜೊತೆಗಿದ್ದ ಷರತ್ತು ಪಾಠದಲ್ಲೂ ಕಮ್ಮಿ, ಕಚೇರಿಯಲ್ಲಂತೂ ಇನ್ನೂ ಕಮ್ಮಿ. ಒಂದು ಪಾಲು ಕೊಳಚೆಗೆ ಕಮ್ಮಿ ಅಂದ್ರೆ ಎಂಟು ಪಾಲು ಚೊಕ್ಕ ನದಿ ನೀರು ಇರಬೇಕು, ಆ ನದಿ ನೀರಿನ ಬಿಒಡಿ 2ರ ಆಸುಪಾಸು ಇರಬೇಕು. ಆಗ ಬೆರೆತ ನೀರಿನ ಬಿಒಡಿ 4ಕ್ಕೆ ನಿಲ್ಲುತ್ತೆ. ಎಂಟು ಎರಡ್ಲಿ ಹದಿನಾರು, ಅದಕ್ಕೆ ಇಪ್ಪತ್ತು ಸೇರಿಸಿದ್ರೆ ಮೂವತ್ತಾರು, ಒಂಬತ್ತು ಪಾಲಿಗೆ ಹಂಚಿದ್ರೆ ನಾಲ್ಕು. ಇಷ್ಟೇ ಲೆಕ್ಕ. 4 ದಾಟಿದ್ರೆ ನದಿ ಕೆಡೋಕೆ ಶುರು ಆಗುತ್ತೆ ಅನ್ನೋದು ಅವರು ಕಂಡುಕೊಂಡ ಗಡಿ. ನದಿಯಲ್ಲಿ ನೀರು ಕಮ್ಮಿ ಇದ್ರೆ ನಂಬರ್ ಇನ್ನೂ ಬಿಗಿ ಮಾಡಬೇಕು, ಜಾಸ್ತಿ ಇದ್ರೆ ಸಡಿಲ ಮಾಡಬಹುದು ಅನ್ನೋದೂ ಅದೇ ವರದಿಯಲ್ಲಿದೆ.

ಅಂದ್ರೆ ಆ ನಂಬರು ಪೈಪಿಗೆ ಸೇರಿದ್ದಲ್ಲವೇ ಅಲ್ಲ. ಅದು ವರ್ಷವಿಡೀ ಮಳೆ ಬೀಳೋ, ಬೇಸಿಗೆಯಲ್ಲೂ ತಣ್ಣಗಿರೋ, ತುಂಬಿ ಹರಿಯೋ ನದಿಗೆ ಸೇರಿದ್ದು. ನದಿಯನ್ನ ನೋಡಿ ಪೈಪಿಗೆ ಲೆಕ್ಕ ಹಾಕಿದ್ರು. ನಾವು ನದಿಯನ್ನ ಬಿಟ್ಟು ಪೈಪಿನ ಲೆಕ್ಕ ಮಾತ್ರ ಉಳಿಸ್ಕೊಂಡ್ವಿ.

ನಮ್ಮ ನಂಬರು ಹಾಕಿ ಅದೇ ಲೆಕ್ಕ ಮಾಡೋಣ. ನಮ್ಮಲ್ಲಿ ಸ್ನಾನಕ್ಕೆ ಯೋಗ್ಯ ಅನ್ನೋ ನದಿ ನೀರಿನ ಬಿಒಡಿ 3 ಅಥವಾ ಕಮ್ಮಿ ಇರಬೇಕು. ಮೇಲಿಂದ ಬರೋ ಹೊಳೆ ನೀರು 2 ಇದೆ ಅಂದ್ಕೊಳ್ಳಿ, ಅದೂ ಒಳ್ಳೆ ಹೊಳೆನೇ. ಪೈಪಿಂದ 30 ಬಂದು ಸೇರುತ್ತೆ. ಬೆರೆತ ಮೇಲೆ 3 ಮೀರಬಾರದು ಅಂದ್ರೆ ಒಂದು ಪಾಲು ಕೊಳಚೆಗೆ ಎಷ್ಟು ಪಾಲು ಹೊಳೆ ನೀರು ಬೇಕು? 27 ಪಾಲು. ಹೈಸ್ಕೂಲ್ ಮಕ್ಕಳೂ ಬಿಡಿಸೋ ಸಮೀಕರಣ ಇದು, ಮನೇಲಿ ಕೂತು ಮಾಡಿ ನೋಡಿ. 2017ರಲ್ಲಿ ಕೇಂದ್ರ ಸರ್ಕಾರ ಎಸ್‌ಟಿಪಿಗಳಿಗೆ ಹೊಸ ಮಾನದಂಡ ತಂದು ಮಹಾನಗರಗಳಿಗೆ 20, ಉಳಿದ ಊರಿಗೆ 30 ಅಂತ ಮಾಡ್ತು. 20 ಹಾಕಿದ್ರೆ 17 ಪಾಲು ಬೇಕು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದು ಸಾಲದು, 10 ಆಗಬೇಕು ಅಂತು. 10 ಹಾಕಿದ್ರೆ 7 ಪಾಲು. ನೋಡಿ, 1912ರಲ್ಲಿ ಅವರು ಇಟ್ಕೊಂಡಿದ್ದ ಎಂಟು ಪಾಲಿನ ಹತ್ತಿರಕ್ಕೆ ನಾವು ಬರೋದು 10ಕ್ಕೆ ಇಳಿದಾಗಲೇ.

ನಮ್ಮ ಎಷ್ಟು ಹೊಳೆಗಳಲ್ಲಿ ಮಾರ್ಚ್ ಏಪ್ರಿಲ್‌ನಲ್ಲಿ 27 ಪಾಲು ನೀರಿರುತ್ತೆ? 27 ಬಿಡಿ, ಒಂದು ಪಾಲು?

ವೃಷಭಾವತಿಯನ್ನೇ ತಗೊಳ್ಳಿ. ಬಸವನಗುಡಿ ದೊಡ್ಡ ಬಸವಣ್ಣನ ಪಾದದಡಿ ಹುಟ್ಟುತ್ತೆ ಅಂತ ಜನ ನಂಬ್ಕೊಂಡು ಬಂದಿರೋ ನದಿ. ಮೈಸೂರು ರಸ್ತೆ ಪಕ್ಕ, ಕೆಂಗೇರಿ ದಾಟಿ, ಬಿಡದಿ ಹತ್ತಿರ ಬೈರಮಂಗಲ ಕೆರೆಗೆ ಹೋಗಿ, ಅಲ್ಲಿಂದ ಅರ್ಕಾವತಿ, ಕೊನೆಗೆ ಸಂಗಮದಲ್ಲಿ ಕಾವೇರಿ. ಬೇಸಿಗೆಯಲ್ಲಿ ಅದರಲ್ಲಿ ಹರಿಯೋದು ಬೆಂಗಳೂರಿನವರು ಬಳಸಿ ಬಿಟ್ಟ ನೀರು. ಯೋಚನೆ ಮಾಡಿ, ನೂರು ಕಿಲೋಮೀಟರ್ ದೂರದಿಂದ ಕಾವೇರಿ ನೀರನ್ನ ಮೇಲಕ್ಕೆತ್ತಿ ತರ್ತೀವಿ, ಮನೆಗಳಲ್ಲಿ ಬಳಸ್ತೀವಿ, ಹೊಳೆಗೆ ಬಿಡ್ತೀವಿ, ಅದು ವಾಪಸ್ ಕಾವೇರಿಗೇ ಹೋಗುತ್ತೆ. ಅಲ್ಲಿ ತೆಳು ಮಾಡೋಕೆ ಹೊಳೆಯ ಸ್ವಂತ ನೀರು ಅನ್ನೋದು ಮಳೆಗಾಲ ಬಿಟ್ರೆ ಇಲ್ಲ. ಹೀಗಿರುವಾಗ ಪ್ರತಿಯೊಂದು ಎಸ್‌ಟಿಪಿಯೂ ಕಾನೂನಿನ ಪ್ರಕಾರವೇ ಕೆಲಸ ಮಾಡಿದ್ರೂ ಹೊಳೆಯ ಬಿಒಡಿ 20 ಅಥವಾ 30 ಆಗೇ ಇರುತ್ತೆ, ಬೇರೆ ಏನಾಗೋಕೆ ಸಾಧ್ಯ?

ಇಲ್ಲಿ ಇನ್ನೊಂದು ವಿಷಯ ಸೇರಿಸಬೇಕು, ನನಗೆ ಇದೇ ಜಾಸ್ತಿ ನೋವು ಕೊಡೋದು. ಕೇಂದ್ರ ಮಂಡಳಿ ಆಗಾಗ ದೇಶದ ಕಲುಷಿತ ನದಿ ಭಾಗಗಳ ಪಟ್ಟಿ ಮಾಡುತ್ತೆ, 2018ರ ಪಟ್ಟಿಯಲ್ಲಿ 351 ಭಾಗ ಇದ್ವು, 2022ರಲ್ಲಿ 311. ಬಿಒಡಿ 3 ದಾಟಿದ್ರೆ ಪಟ್ಟಿಗೆ ಸೇರುತ್ತೆ. ಅದರಲ್ಲಿ ಐದು ದರ್ಜೆ. 30 ದಾಟಿದ್ರೆ ಮೊದಲನೇ ದರ್ಜೆ, ಅಂದ್ರೆ ಅತಿ ಕೆಟ್ಟದ್ದು. 20ರಿಂದ 30ರ ಒಳಗಿದ್ರೆ ಎರಡನೇದು. ಈಗ ಒಂದು ಒಣಗಿದ ಹೊಳೆಗೆ ಕಾನೂನು ಒಪ್ಪೋ 30ರ ನೀರು ಮಾತ್ರ ಬಿಡಿ, ಬೇರೆ ಏನೂ ಬೇಡ. ಆ ಹೊಳೆ ದೇಶದ ಎರಡನೇ ಅತಿ ಕೆಟ್ಟ ದರ್ಜೆಯಲ್ಲಿ ಕೂರುತ್ತೆ. ತಪ್ಪು ಮಾಡಿದವರು ಯಾರು ಅಂತ ಹುಡುಕಿದ್ರೆ ಯಾರೂ ಸಿಗಲ್ಲ, ಎಲ್ಲರ ರಿಪೋರ್ಟೂ ಪಾಸು. ಹೊಳೆ ಕೆಳಗಿನ ರೈತ ಯಾರ ಮೇಲೆ ದೂರು ಕೊಡಬೇಕು?

ಹಾಗಂತ ಕಾನೂನು ಬರೆದವರಿಗೆ ಇದು ಗೊತ್ತಿರ್ಲಿಲ್ವಾ ಅಂದ್ರೆ, ಚೆನ್ನಾಗಿ ಗೊತ್ತಿತ್ತು. 1974ರ ಜಲ ಕಾಯ್ದೆಯನ್ನ ನೀವು ಒಂದ್ಸಲ ಕೂತು ಓದಬೇಕು. ನೀರು ರಾಜ್ಯಪಟ್ಟಿಯ ವಿಷಯ ಆಗಿದ್ದರಿಂದ ಸಂವಿಧಾನದ 252ನೇ ವಿಧಿ ಪ್ರಕಾರ ಕೆಲವು ರಾಜ್ಯಗಳು ನಿರ್ಣಯ ಮಾಡಿ ಸಂಸತ್ತಿಗೆ ಕೇಳ್ಕೊಂಡವು, ಹಾಗೆ ಮೊದಲೇ ಮುಂದೆ ಬಂದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಕಾಯ್ದೆಯ ಎರಡನೇ ಸೆಕ್ಷನ್‌ನಲ್ಲಿ ಹೊಳೆ ಅಂದ್ರೆ ಏನು ಅನ್ನೋ ವ್ಯಾಖ್ಯಾನದೊಳಗೆ ಹರಿಯುತ್ತಿರೋ ಅಥವಾ ಸದ್ಯಕ್ಕೆ ಒಣಗಿರೋ ಜಲಮಾರ್ಗ ಎರಡೂ ಸೇರ್ತವೆ, ನೆಲದೊಳಗಿನ ನೀರೂ ಸೇರುತ್ತೆ. ಸದ್ಯಕ್ಕೆ ಒಣಗಿರೋ! ನಮ್ಮ ಹಳ್ಳಗಳನ್ನ ಕಂಡವರೇ ಬರೆದ ಮಾತು ಅದು. ಆಮೇಲೆ 17ನೇ ಸೆಕ್ಷನ್, ರಾಜ್ಯ ಮಂಡಳಿಯ ಕೆಲಸಗಳ ಪಟ್ಟಿ, ಅದರ ಒಂದನೇ ಉಪಸೆಕ್ಷನ್ನಿನ ಕೆ ಖಂಡ. ಒಂದು ನಿರ್ದಿಷ್ಟ ಹೊಳೆಗೆ ಬಿಡೋ ಕೊಳಚೆಯನ್ನ ಎಷ್ಟು ಸಂಸ್ಕರಿಸಬೇಕು ಅನ್ನೋ ಮಾನದಂಡವನ್ನ ಮಂಡಳಿ ನಿಗದಿ ಮಾಡಬೇಕು, ಮಾಡುವಾಗ ಮಳೆ ಇಲ್ಲದ ದಿನಗಳಲ್ಲಿ ಆ ಹೊಳೆಯಲ್ಲಿ ಬೆರೆಯೋಕೆ ಸಿಗೋ ಅತಿ ಕಮ್ಮಿ ನೀರನ್ನ ಲೆಕ್ಕಕ್ಕೆ ತಗೋಬೇಕು, ಬಿಟ್ಟ ಮೇಲೆ ಹೊಳೆ ತಡ್ಕೊಳ್ಳೋ ಮಿತಿಯನ್ನೂ ನೋಡಬೇಕು.

ಐವತ್ತು ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ. ಪ್ರತಿ ಹೊಳೆಗೆ ಅದರದ್ದೇ ನಂಬರು, ಅದೂ ಬೇಸಿಗೆಯ ನೀರು ನೋಡಿ. ನನ್ನ ಇವತ್ತಿನ ಮಾತೆಲ್ಲ ಈ ಒಂದು ಖಂಡದ ಮೇಲೆ ನಿಂತಿದೆ, ಬೇರೆ ಏನು ಮರೆತ್ರೂ 17(1)(ಕೆ) ಅನ್ನೋದನ್ನ ಬರೆದಿಟ್ಕೊಳ್ಳಿ.

ಯಾಕೆ ಇದು ನಡೀಲಿಲ್ಲ ಅನ್ನೋದಕ್ಕೆ ಕಾರಣ ಇದೆ, ನಾನು ಅಧಿಕಾರಿಗಳ ಮೇಲೆ ಮಾತ್ರ ಹೊರಿಸಲ್ಲ. ಎಲ್ಲಾ ಕಡೆ ಒಂದೇ ನಂಬರ್ ಇದ್ರೆ ಆಡಳಿತ ಸುಲಭ, ಒಂದು ಜಿಲ್ಲೆಯಲ್ಲಿ ಬಿಗಿ ಇನ್ನೊಂದು ಜಿಲ್ಲೆಯಲ್ಲಿ ಸಡಿಲ ಆದ್ರೆ ಕಾರ್ಖಾನೆಗಳು ಸಡಿಲ ಇರೋ ಕಡೆ ಓಡಿಹೋಗ್ತವೆ ಅನ್ನೋ ಭಯವೂ ನಿಜವೇ. ಹೊಳೆಹೊಳೆಗೂ ಲೆಕ್ಕ ಹಾಕಬೇಕು ಅಂದ್ರೆ ಹೊಳೆಯ ಹರಿವು ಅಳೀಬೇಕು, ದೊಡ್ಡ ನದಿಗಳಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರಗಳಿವೆ, ಊರ ಪಕ್ಕದ ಹಳ್ಳಕ್ಕೆ ಯಾರೂ ಅಳತೆ ಪಟ್ಟಿ ನೆಟ್ಟಿರಲ್ಲ. ಆದ್ರೆ ದೇಶದಾದ್ಯಂತ ಇರೋ ನಂಬರು ಎಲ್ಲೂ ಇದಕ್ಕಿಂತ ಸಡಿಲ ಆಗಬಾರದು ಅನ್ನೋ ಕನಿಷ್ಠ ಮಟ್ಟ ಆಗಿರಬೇಕಿತ್ತು, ಅದೇ ಗುರಿ ಆಗಿ ಕೂತಿದೆ. ಸ್ಥಳೀಯವಾಗಿ ಬಿಗಿ ಮಾಡೋ ಅಧಿಕಾರ ಮಂಡಳಿಗಳ ಕೈಯಲ್ಲಿದೆ. ಅದನ್ನ ಬಳಸೋದೇ ಅಪರೂಪ.

ಇನ್ನೊಂದು ತೊಡಕು ಈ ನಂಬರಿನ ಒಳಗೇ ಇದೆ. ಲೀಟರಿಗೆ ಇಷ್ಟು ಅನ್ನೋದು ಗಾಢತೆ ಹೇಳುತ್ತೆ, ಒಟ್ಟು ಹೊರೆ ಹೇಳಲ್ಲ. ದಿನಕ್ಕೆ ಒಂದು ಎಂಎಲ್‌ಡಿ, ಅಂದ್ರೆ ಹತ್ತು ಲಕ್ಷ ಲೀಟರ್, 30ರ ಬಿಒಡಿ ಇರೋ ನೀರು ಬಿಟ್ರೆ ಹೊಳೆ ಮೇಲೆ 30 ಕೆಜಿ ಆಮ್ಲಜನಕದ ಸಾಲ. ಸಾವಿರ ಎಂಎಲ್‌ಡಿ ಬಿಡೋ ಮಹಾನಗರ ಆದ್ರೆ ದಿನಕ್ಕೆ 30 ಟನ್. ಎರಡರ ರಿಪೋರ್ಟಲ್ಲೂ ಅದೇ 30, ಎರಡೂ ಪಾಸು. ಇದರಲ್ಲಿ ಮೋಸಕ್ಕೂ ದಾರಿ ಇದೆ. 60 ಬರ್ತಿರೋ ನೀರಿಗೆ ಅಷ್ಟೇ ಬೋರ್‌ವೆಲ್ ನೀರು ಸೇರಿಸಿ ಹೊರಗೆ ಬಿಟ್ರೆ ಲ್ಯಾಬಲ್ಲಿ 30 ಬರುತ್ತೆ. ಉಪ್ಪು ಜಾಸ್ತಿಯಾದ ಸಾರಿಗೆ ನೀರು ಹುಯ್ದ ಹಾಗೆ, ನಾಲಿಗೆಗೆ ಗೊತ್ತಾಗಲ್ಲ, ಆದ್ರೆ ಪಾತ್ರೆಯಲ್ಲಿರೋ ಉಪ್ಪು ಅಷ್ಟೇ ಇದೆ. ಜೊತೆಗೆ ಅಂತರ್ಜಲವೂ ಹೋಯ್ತು. ಅದಕ್ಕೇ ಕನ್ಸೆಂಟ್ ಪತ್ರದಲ್ಲಿ ದಿನಕ್ಕೆ ಎಷ್ಟು ನೀರು ಬಿಡಬಹುದು ಅನ್ನೋ ಪ್ರಮಾಣ ಬರೆದಿರ್ತಾರೆ, ಅದನ್ನ ಬಿಒಡಿಯಷ್ಟೇ ಗಟ್ಟಿಯಾಗಿ ನೋಡಬೇಕು, ಮೀಟರ್ ಇದೆಯಾ, ಕೆಲಸ ಮಾಡ್ತಿದೆಯಾ ಅಂತ.

ಸ್ಯಾಂಪಲ್ ತೆಗೆಯೋದರ ಬಗ್ಗೆ ಹೇಳ್ತೀನಿ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅಧಿಕಾರಿ ಸ್ಥಳದಲ್ಲೇ ನೋಟಿಸ್ ಕೊಟ್ಟು, ಜಾಗದ ಯಜಮಾನ ಅಥವಾ ಅವರ ಕಡೆಯವರ ಎದುರಿಗೆ ಸ್ಯಾಂಪಲ್ ತೆಗೆದು ಎರಡು ಭಾಗ ಮಾಡಿ, ಎರಡೂ ಡಬ್ಬಕ್ಕೆ ಸೀಲ್ ಹಾಕಿ, ಇಬ್ಬರೂ ಸಹಿ ಮಾಡಿ, ಒಂದನ್ನ ಮಂಡಳಿ ಒಪ್ಪಿದ ಲ್ಯಾಬಿಗೆ ಕಳಿಸಬೇಕು, ಅವರು ಕೇಳಿದ್ರೆ ಎರಡನೇದನ್ನ ಸರ್ಕಾರ ಗೊತ್ತುಮಾಡಿದ ಇನ್ನೊಂದು ಲ್ಯಾಬಿಗೆ. ಈ ಕ್ರಮದಲ್ಲಿ ಒಂದು ತಪ್ಪಿದ್ರೂ ಕೋರ್ಟಲ್ಲಿ ಆ ರಿಪೋರ್ಟ್ ಸಾಕ್ಷಿಯಾಗಿ ನಿಲ್ಲಲ್ಲ. ಆರೋಪ ಹೊತ್ತವರಿಗೆ ನ್ಯಾಯ ಸಿಗಬೇಕು ಅನ್ನೋ ದೃಷ್ಟಿಯಿಂದ ಇದು ಸರಿಯೇ. ಆದ್ರೆ ಊರಿನ ಜನ ಬಾಟಲಿಯಲ್ಲಿ ಕಪ್ಪು ನೀರು ಹಿಡ್ಕೊಂಡು ಹೋಗಿ ಆಫೀಸಿನ ಟೇಬಲ್ ಮೇಲೆ ಇಟ್ರೆ ಅದಕ್ಕೆ ಕಾನೂನಲ್ಲಿ ಬೆಲೆ ಇಲ್ಲ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿರಲ್ಲ, ಮನಸ್ಸು ಮುರ್ಕೊಂಡು ವಾಪಸ್ ಬರ್ತಾರೆ.

ಹೊಳೆ ಕೆರೆಯ ಸ್ಯಾಂಪಲ್ಲಿಗೆ ಹೊತ್ತು ಕೂಡ ಮುಖ್ಯ. ಪಾಚಿ ತುಂಬಿದ ಕೆರೆಯಲ್ಲಿ ಬಿಸಿಲು ಇರೋವಾಗ ಪಾಚಿ ಆಮ್ಲಜನಕ ಬಿಡ್ತಾ ಇರುತ್ತೆ, ಮಧ್ಯಾಹ್ನ ಅಳೆದ್ರೆ ಅದ್ಭುತವಾದ ನಂಬರು ಬರುತ್ತೆ, ಚೊಕ್ಕ ನೀರಿಗಿಂತಲೂ ಜಾಸ್ತಿ. ರಾತ್ರಿ ಅದೇ ಪಾಚಿ ಉಸಿರಾಡುತ್ತೆ, ಬ್ಯಾಕ್ಟೀರಿಯಾನೂ ತಿನ್ನುತ್ತೆ, ಬೆಳಗಿನ ಜಾವದ ಹೊತ್ತಿಗೆ ಆಮ್ಲಜನಕ ತಳ ಮುಟ್ಟುತ್ತೆ. ಮೀನು ಸಾಯೋದು ಆಗ. 2016ರ ಮಾರ್ಚಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ನಿಮಗೆ ನೆನಪಿರಬಹುದು. ಹನ್ನೊಂದು ಗಂಟೆಗೆ ಜೀಪಲ್ಲಿ ಬಂದು ತಗೊಂಡ ಒಂದು ಬಾಟಲಿಯಿಂದ ಕೆರೆಯ ರಾತ್ರಿ ಹೇಗಿತ್ತು ಅನ್ನೋದು ಗೊತ್ತಾಗಲ್ಲ. ದಿನದ 24 ಗಂಟೆ ಅಳೆಯೋ ಸೆನ್ಸರ್‌ಗಳು ಈಗ ಇವೆ. ಹೆಚ್ಚು ಮಾಲಿನ್ಯ ಮಾಡೋ 17 ಬಗೆಯ ಕಾರ್ಖಾನೆಗಳಿಗೆ 2014ರಲ್ಲೇ ಕೇಂದ್ರ ಮಂಡಳಿ ಆನ್‌ಲೈನ್ ಮಾನಿಟರ್ ಹಾಕಿಸಿ ಅಂತ ಹೇಳಿದೆ. ಅದೇ ಥರದ್ದು ಹೊಳೆಯೊಳಗೂ ಬೇಕು, ಮುಖ್ಯವಾಗಿ ಪೈಪ್ ಸೇರೋ ಜಾಗದ ಮೇಲೆ ಒಂದು, ಕೆಳಗೆ ಒಂದು.

ಬಿಒಡಿಗೆ ಕಾಣದೇ ಇರೋದೂ ಬಹಳ ಇದೆ. ಬೆಳ್ಳಂದೂರು ಕೆರೆ ನೊರೆ ಉಗುಳಿದ್ದು, 2015ರಲ್ಲಿ, 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಂಕಿ ಹತ್ತಿಕೊಂಡಿದ್ದು ಪ್ರಪಂಚಕ್ಕೆಲ್ಲ ಗೊತ್ತು. ಆ ನೊರೆಯ ಹಿಂದೆ ನಮ್ಮ ಬಟ್ಟೆ ಒಗೆಯೋ ಪುಡಿ, ಪಾತ್ರೆ ತೊಳೆಯೋ ದ್ರವದ ರಾಸಾಯನಿಕ ಇದೆ, ಅದರ ಫಾಸ್ಫೇಟು ಕೆರೆಗೆ ಗೊಬ್ಬರ ಆಗಿ ಅಂತರಗಂಗೆ, ಪಾಚಿ ಬೆಳೆಸುತ್ತೆ. ಸಾಮಾನ್ಯ ಎಸ್‌ಟಿಪಿ ಬಿಒಡಿ ತೆಗೆಯುತ್ತೆ, ಸಾರಜನಕ ರಂಜಕ ತೆಗೆಯೋಕೆ ಬೇರೆಯೇ ಹಂತ ಬೇಕು. ಅಂದ್ರೆ ಬಿಒಡಿಯಲ್ಲಿ ಪಾಸಾದ ನೀರೇ ಕೆರೆಯಲ್ಲಿ ಪಾಚಿ ಬೆಳೆಸಿ, ಆ ಪಾಚಿ ಕೊಳೆತು, ಮತ್ತೆ ಬಿಒಡಿ ಹುಟ್ಟುತ್ತೆ. 2017ರ ಎಸ್‌ಟಿಪಿ ಮಾನದಂಡದಲ್ಲಿ ಇವೆರಡಕ್ಕೂ ಮಿತಿ ಇರ್ಲಿಲ್ಲ, 2019ರ ಆದೇಶದಲ್ಲಿ ಹಸಿರು ನ್ಯಾಯಮಂಡಳಿ ಸೇರಿಸ್ತು. ಅದು ಬಹಳ ಸರಿಯಾದ ಕೆಲಸ ಅನ್ನೋದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಸಂಸ್ಕರಿಸಿದ ನೀರಿನ ಕಥೆ ಆಯ್ತು. ಸಂಸ್ಕರಿಸದೇ ಹೋಗೋದರ ಪ್ರಮಾಣ ಕೇಳಿ. ಕೇಂದ್ರ ಮಂಡಳಿಯ 2020-21ರ ಲೆಕ್ಕದಲ್ಲಿ ದೇಶದ ನಗರಗಳಲ್ಲಿ ದಿನಕ್ಕೆ ಹುಟ್ಟೋ ಕೊಳಚೆ 72,368 ಎಂಎಲ್‌ಡಿ. ಕಟ್ಟಿರೋ ಎಸ್‌ಟಿಪಿಗಳ ಸಾಮರ್ಥ್ಯ 31,841. ನಿಜವಾಗಿ ಸಂಸ್ಕರಣೆ ಆಗ್ತಿದ್ದದ್ದು 20,236. ಕಟ್ಟಿರೋದನ್ನೂ ಪೂರ್ತಿ ಬಳಸ್ತಿಲ್ಲ, ಯಾಕಂದ್ರೆ ಎಷ್ಟೋ ಕಡೆ ಒಳಚರಂಡಿ ಲೈನೇ ಎಸ್‌ಟಿಪಿವರೆಗೆ ಬಂದಿಲ್ಲ, ಮನೆ ಕೊಳಚೆ ರಾಜಕಾಲುವೆಗೆ ಬೀಳುತ್ತೆ.

ಹೀಗಾಗಿ ದೊಡ್ಡ ಮಾಲಿನ್ಯಕಾರ ಅಂದ್ರೆ ಹೆಚ್ಚಿನ ಕಡೆ ನಮ್ಮ ನಗರಸಭೆ, ಪಾಲಿಕೆ, ಜಲಮಂಡಳಿಗಳೇ. ಸರ್ಕಾರದ ಒಂದು ಕೈ ಇನ್ನೊಂದು ಕೈಗೆ ನೋಟಿಸ್ ಕೊಡಬೇಕು. ದುಡ್ಡಿಲ್ಲ ಅನ್ನೋ ಉತ್ತರ ಬರುತ್ತೆ. 1980ರಲ್ಲೇ ರತ್ಲಾಂ ಪುರಸಭೆ ಕೇಸಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ದುಡ್ಡಿಲ್ಲ ಅನ್ನೋದು ಪುರಸಭೆಯ ಕರ್ತವ್ಯ ತಪ್ಪಿಸ್ಕೊಳ್ಳೋಕೆ ನೆಪ ಆಗಲ್ಲ ಅಂತ ತೀರ್ಪು ಕೊಟ್ಟಿದ್ದಾರೆ, 1991ರಲ್ಲಿ ಸುಭಾಷ್ ಕುಮಾರ್ ಕೇಸಲ್ಲಿ ಮಾಲಿನ್ಯ ಇಲ್ಲದ ನೀರು 21ನೇ ವಿಧಿಯ ಬದುಕೋ ಹಕ್ಕಿನೊಳಗೇ ಬರುತ್ತೆ ಅಂತ ಸುಪ್ರೀಂ ಕೋರ್ಟ್ ಹೇಳಿದೆ. ಬೆಳ್ಳಂದೂರಿಗಾಗಿ 2018ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಪಾಲಿಕೆಗೆ 25 ಕೋಟಿ ದಂಡ ಹಾಕ್ತು. ಆದ್ರೆ ಆ ದಂಡ ಕೊನೆಗೆ ಜನರ ತೆರಿಗೆ ದುಡ್ಡೇ, ಅದಕ್ಕೆ ದಂಡದ ಜೊತೆ 500 ಕೋಟಿಯನ್ನ ಕೆರೆ ಕೆಲಸಕ್ಕೇ ಅಂತ ಬೇರೆ ಖಾತೆಯಲ್ಲಿ ಇಡಿಸಿದ್ದು ನನಗೆ ದಂಡಕ್ಕಿಂತ ಮುಖ್ಯ ಅನ್ಸುತ್ತೆ.

2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮೊದಲು ಹೊಳೆಗೆ ಕೊಳೆ ಬಿಟ್ಟಿದ್ದು ಸಾಬೀತಾದ್ರೆ ಒಂದೂವರೆ ವರ್ಷದಿಂದ ಆರು ವರ್ಷದವರೆಗೆ ಜೈಲು ಇತ್ತು, ತಿದ್ದುಪಡಿಯಲ್ಲಿ ಅದರ ಬದಲು 10 ಸಾವಿರದಿಂದ 15 ಲಕ್ಷದವರೆಗೆ ದಂಡ. ಶುರುವಲ್ಲಿ ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತೆ ಕೇಂದ್ರಾಡಳಿತ ಪ್ರದೇಶಗಳಿಗೆ ಅನ್ವಯ, ಬೇರೆ ರಾಜ್ಯಗಳು ನಿರ್ಣಯ ಮಾಡಿ ಒಪ್ಕೋಬಹುದು. ಜೈಲಿಗೆ ಹೋದವರು ಬಹಳ ಕಮ್ಮಿ, ಕೇಸು ವರ್ಷಾನುಗಟ್ಟಲೆ ನಡೀತಿತ್ತು, ದಂಡ ಆದ್ರೆ ಬೇಗ ಬೀಳುತ್ತೆ ಅನ್ನೋ ವಾದ ಇದೆ. ನಾನು ಒಪ್ಪಲ್ಲ. ದೊಡ್ಡ ಕಂಪನಿಗೆ 15 ಲಕ್ಷ ಒಂದು ಖರ್ಚಿನ ಬಾಬತ್ತು ಆಗಿಬಿಡುತ್ತೆ, ಇಟಿಪಿ (ಕಾರ್ಖಾನೆ ನೀರು ಸಂಸ್ಕರಿಸೋ ಘಟಕ) ನಡೆಸೋ ಕರೆಂಟ್ ಬಿಲ್ಲಿಗಿಂತ ಅದೇ ಅಗ್ಗ ಆಗೋ ಸಾಧ್ಯತೆ ಇದೆ. ದಂಡ ಅನ್ನೋದು ಹೊರೆಯ ಲೆಕ್ಕದಲ್ಲಿ, ಕೆಜಿಗೆ ಇಷ್ಟು, ದಿನಕ್ಕೆ ಇಷ್ಟು ಅಂತ ಇದ್ರೆ ಮಾತ್ರ ಭಯ ಇರುತ್ತೆ.

ಮಾತು ಮುಗಿದ ಮೇಲೆ ಒಬ್ರು ಹಿರಿಯರು ಕೇಳಿದ್ರು, ಹೊಳೆಯಲ್ಲಿ ನೀರೇ ಇಲ್ಲ ಅಂದ್ಮೇಲೆ 10ಕ್ಕೆ ಇಳಿಸಿದ್ರೂ ಏನು ಪ್ರಯೋಜನ ಸ್ವಾಮಿ, ಅಂತ. ನ್ಯಾಯವಾದ ಪ್ರಶ್ನೆ. ಬೆರೆಯೋಕೆ ನೀರಿಲ್ಲದ ಕಡೆ ಬಿಡೋದನ್ನೇ ಕಮ್ಮಿ ಮಾಡಿ ಮರುಬಳಕೆ ಮಾಡಬೇಕು. ಕೋರಮಂಗಲ-ಚಲ್ಲಘಟ್ಟ ಕಣಿವೆಯಿಂದ ಕೋಲಾರದ ಕೆರೆಗಳಿಗೆ 440 ಎಂಎಲ್‌ಡಿ ಸಂಸ್ಕರಿಸಿದ ನೀರು ಕಳಿಸೋ ಯೋಜನೆ 2018ರಲ್ಲಿ ಶುರು ಆಯ್ತು, ಅದೇ ಜುಲೈಯಲ್ಲಿ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಬಂದು ಹೈಕೋರ್ಟ್ ತಡೆ ಕೊಟ್ಟಿತ್ತು, ಆಮೇಲೆ ಮತ್ತೆ ಹರಿದಿದೆ. ಒಣಗಿದ್ದ ಕೆರೆಗಳು ತುಂಬಿದ್ದು ನಿಜ, ಮೂರನೇ ಹಂತದ ಸಂಸ್ಕರಣೆ (ಮಾಮೂಲಿ ಸಂಸ್ಕರಣೆ ಆದ್ಮೇಲೂ ಉಳಿಯೋದನ್ನ ತೆಗೆಯೋ ಹಂತ) ಇಲ್ಲದೇ ಅಂತರ್ಜಲಕ್ಕೆ ಇಂಗಿಸೋದು ಸರೀನಾ ಅನ್ನೋ ಕೋಲಾರದವರ ಆತಂಕವೂ ನಿಜ. ಕೆರೆಯಲ್ಲಿ ತೆಳು ಮಾಡೋಕೆ ಬೇರೆ ನೀರಿಲ್ಲ, ಕೆಳಗೆ ಕುಡಿಯೋ ನೀರಿನ ಬೋರ್‌ವೆಲ್ ಇದೆ, ಅಲ್ಲಿಗೆ ಹೋಗೋ ನೀರು ಹೊಳೆಗೆ ಹೋಗೋದಕ್ಕಿಂತ ಚೊಕ್ಕ ಇರಬೇಕು. ಕಾರ್ಖಾನೆ ಕೂಲಿಂಗ್‌ಗೆ, ಕಟ್ಟಡ ಕೆಲಸಕ್ಕೆ, ಪಾರ್ಕಿಗೆ ಕಳಿಸೋಕೆ ಅಷ್ಟು ಬೇಕಾಗಲ್ಲ, ಮೊದಲು ಅಲ್ಲಿಗೆ ಕಳಿಸಿ ಅನ್ನೋದು ನನ್ನ ಸಲಹೆ.

ಇನ್ನೊಬ್ಬ ಹುಡುಗಿ, ಕಾನೂನು ಓದ್ತಿರೋ ವಿದ್ಯಾರ್ಥಿನಿ, ನಾವು ಏನು ಕೇಳೋಕೆ ಆಗುತ್ತೆ ಸಾರ್ ಅಂದ್ಲು. ಕೇಳೋಕೆ ಹಕ್ಕು ಬಹಳ ಇದೆ. 25ನೇ ಸೆಕ್ಷನ್ನಿನ ಆರನೇ ಉಪಸೆಕ್ಷನ್ ಪ್ರಕಾರ ಮಂಡಳಿ ಕೊಟ್ಟ ಕನ್ಸೆಂಟ್‌ಗಳ ಷರತ್ತುಗಳನ್ನ ಒಂದು ರಿಜಿಸ್ಟರ್‌ನಲ್ಲಿ ಬರೆದಿಡಬೇಕು, ಆ ಪೈಪಿಂದ ತೊಂದರೆಗೆ ಒಳಗಾಗೋ ಯಾರು ಬೇಕಾದ್ರೂ ಕಚೇರಿ ಸಮಯದಲ್ಲಿ ಹೋಗಿ ನೋಡಬಹುದು. 49ನೇ ಸೆಕ್ಷನ್ ಪ್ರಕಾರ 60 ದಿನದ ನೋಟಿಸ್ ಕೊಟ್ಟು ಯಾವ ಪ್ರಜೆ ಬೇಕಾದ್ರೂ ನೇರವಾಗಿ ಕೋರ್ಟಿಗೆ ದೂರು ಕೊಡಬಹುದು, ಹಾಗೆ ಕೊಟ್ಟ ಮೇಲೆ ತನ್ನ ಹತ್ರ ಇರೋ ವರದಿಗಳನ್ನ ಮಂಡಳಿ ಕೇಳಿದವರಿಗೆ ಕೊಡಬೇಕು. 1988ರ ತಿದ್ದುಪಡಿಯಲ್ಲಿ ಬಂದ ಹಕ್ಕು ಇದು. ಅದಕ್ಕೂ ಮೊದಲು ಒಂದು ಆರ್‌ಟಿಐ ಅರ್ಜಿ ಹಾಕಿ. ನಿಮ್ಮ ಊರ ಹೊಳೆಗೆ ಬಿಡ್ತಿರೋ ಎಸ್‌ಟಿಪಿಗೆ ಕೊಟ್ಟ ಕನ್ಸೆಂಟ್ ಪ್ರತಿ ಕೇಳಿ, ಪೈಪಿನ ಮೇಲೆ ಮತ್ತೆ ಕೆಳಗೆ ಹೊಳೆ ನೀರಿನ ಹೋದ ಮೂರು ವರ್ಷದ ರಿಪೋರ್ಟ್ ತಿಂಗಳವಾರು ಕೇಳಿ, ಆಮೇಲೆ 17(1)(ಕೆ) ಪ್ರಕಾರ ಆ ಹೊಳೆಯ ಮಳೆ ಇಲ್ಲದ ದಿನದ ಅತಿ ಕಮ್ಮಿ ಹರಿವು ಎಷ್ಟು ಅಂತ ಲೆಕ್ಕ ಹಾಕಿದ ಕಡತದ ಪ್ರತಿ ಕೇಳಿ. ಕಡತ ಇಲ್ಲ ಅನ್ನೋ ಉತ್ತರ ಬಂದ್ರೆ ಅದನ್ನೂ ಜೋಪಾನವಾಗಿ ಇಟ್ಕೊಳ್ಳಿ, ಹಸಿರು ನ್ಯಾಯಮಂಡಳಿಗೆ ಹಾಕೋ ಅರ್ಜಿಗೆ ಲಗತ್ತಿಸೋ ಮೊದಲನೇ ದಾಖಲೆ ಅದೇ ಆಗುತ್ತೆ.